ಹೊಸ ಊರಿನಲ್ಲಿ ನಾಲ್ಕು ಜನರನ್ನು ಸಂಪಾದಿಸುವುದು ಹೇಗೆ

ಮೈಸೂರಿಗೆ ಬಂದ ಮೊದಲ ತಿಂಗಳು, ಮನೆಯವರನ್ನು ಬಿಟ್ಟರೆ, ನಾನು ಮಾತಾಡಿದ್ದು ಇಬ್ಬರ ಹತ್ತಿರ. ಒಬ್ಬರು ಹಾಲು ಹಾಕುವವರು. ಇನ್ನೊಬ್ಬರು ಸೊಪ್ಪಿನಜ್ಜಿ. ಅದೂ ಎಷ್ಟು ಮಾತು? 'ಅರ್ಧ ಲೀಟರ್ ಸಾಕಪ್ಪ', 'ಕೊತ್ತಂಬರಿ ಕಟ್ಟು ಎಷ್ಟಮ್ಮ' ಅಷ್ಟೇ.

ಅದಕ್ಕೆ ಮುಂಚೆ 31 ವರ್ಷ ನಾನು ತಿಪಟೂರಿನಲ್ಲಿ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತವಳು. ಆರ್.ಡಿ. ಕಟ್ಟುವವರು, ತಿಂಗಳ ಬಡ್ಡಿ ತೆಗೆದುಕೊಳ್ಳಲು ಬರುವ ನಿವೃತ್ತ ಮೇಷ್ಟ್ರುಗಳು, ಮಿಲಿಟರಿಯಲ್ಲಿರುವ ಮಗನಿಗೆ ಪಾರ್ಸೆಲ್ ಕಳಿಸುವ ತಾಯಂದಿರು. ದಿನಕ್ಕೆ ನೂರು ಮುಖ ನೋಡುತ್ತಿದ್ದೆ. 2018ರಲ್ಲಿ ನಿವೃತ್ತಿಯಾಯಿತು. ಆ ವರ್ಷವೇ ಯಜಮಾನರು ಹೋದರು. ಮರುವರ್ಷ ಜೂನ್‌ನಲ್ಲಿ ಸರಸ್ವತಿಪುರಂನ ಮಗಳ ಮನೆಗೆ ಬಂದೆ. ಬೆಳಗ್ಗೆ ಒಂಬತ್ತಕ್ಕೆ ಮಗಳು, ಅಳಿಯ, ಮೊಮ್ಮಗ ಮೂವರೂ ಹೊರಟರೆ ಸಂಜೆ ನಾಲ್ಕರವರೆಗೆ ಮನೆಯಲ್ಲಿ ನಾನೊಬ್ಬಳೇ.

ಈಗ ಈ ಊರಿನಲ್ಲಿ ನನಗೆ ಹನ್ನೊಂದು ಜನ ಇದ್ದಾರೆ. ಅವರಲ್ಲಿ ನಾಲ್ವರು ನಡುರಾತ್ರಿ ಫೋನ್ ಮಾಡಿದರೂ ಎದ್ದು ಬರುತ್ತಾರೆ. ಮದುವೆಯಾಗಿ ಬಂದವರು, ವರ್ಗವಾಗಿ ಬಂದವರು, ನನ್ನ ಹಾಗೆ ಮಕ್ಕಳ ಮನೆಗೆ ಬಂದವರು 'ಇಲ್ಲಿ ನಮಗೆ ಯಾರೂ ಇಲ್ಲ' ಅನ್ನುವುದನ್ನು ಕೇಳುತ್ತಲೇ ಇರುತ್ತೇನೆ. ಆ ಮಾತಿನ ಭಾರ ನನಗೆ ಗೊತ್ತು. ಅದಕ್ಕೇ ನಾನು ಮಾಡಿದ್ದನ್ನು, ಮಾಡಿ ತಪ್ಪಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಜಾಗ, ಒಂದೇ ಹೊತ್ತು

ಮೊದಲು ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಪಾರ್ಕ್, ದೇವಸ್ಥಾನದ ಜಗಲಿ, ಲೈಬ್ರರಿ, ಮೊಮ್ಮಕ್ಕಳ ಸ್ಕೂಲ್ ಬಸ್ ನಿಲ್ಲುವ ಮೂಲೆ, ಯಾವುದಾದರೂ ಸರಿ. ನನ್ನದು ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ. ಕುವೆಂಪು ಅವರು ವಾಕಿಂಗ್ ಬರುತ್ತಿದ್ದ ಏರಿ ಇದೇ. ಬೆಳಗಿನ ಹೊತ್ತು ಹೆಜ್ಜಾರ್ಲೆಗಳು ನೀರಿನ ಮೇಲೆ ತೇಲುತ್ತಿರುತ್ತವೆ. ನೀರುಕಾಗೆಗಳು ರೆಕ್ಕೆ ಬಿಚ್ಚಿಕೊಂಡು ಒಣಗಿಸುತ್ತಾ ಕೂತಿರುತ್ತವೆ. ಇಬ್ಬರೂ ನಿಂತು ನೋಡುವಂಥದ್ದು ಏನಾದರೂ ಇರುವ ಜಾಗದಲ್ಲಿ ಮಾತು ತಾನಾಗಿ ಹುಟ್ಟುತ್ತದೆ.

ಶುರುವಿನಲ್ಲಿ ನಾನು ಒಂದು ದಿನ ಆರಕ್ಕೆ, ಒಂದು ದಿನ ಏಳೂವರೆಗೆ ಹೋಗುತ್ತಿದ್ದೆ. ದಿನಾ ಹೊಸ ಮುಖಗಳೇ. ಆಮೇಲೆ ಆರೂಕಾಲಕ್ಕೆ ಗೇಟಿನಲ್ಲಿರುವುದು ಅಂತ ನಿಶ್ಚಯ ಮಾಡಿಕೊಂಡೆ. ಮೂರನೆಯ ವಾರಕ್ಕೆ ಮುಖಗಳು ಗುರುತು ಹತ್ತಿದವು. ಬಿಳಿ ಟೋಪಿಯ ಹಿರಿಯರು, ಒಟ್ಟಿಗೆ ಬರುವ ಅತ್ತಿಗೆ ನಾದಿನಿ, ನೀಲಿ ಶಾಲು ಹೊದ್ದುಕೊಂಡು ಒಬ್ಬರೇ ನಡೆಯುವ ಮೇಡಂ. ಅವರಿಗೂ ನನ್ನ ಗುರುತು ಹತ್ತಿತ್ತು. ಒಂದು ದಿನ ತಪ್ಪಿಸಿ ಮರುದಿನ ಹೋದಾಗ ನೀಲಿ ಶಾಲಿನವರೇ 'ನಿನ್ನೆ ಕಾಣಲಿಲ್ಲ' ಅಂದರು.

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳುತ್ತೀರಿ, ಅಲ್ವಾ? ನನ್ನ ಮಗಳು ಮನಃಶಾಸ್ತ್ರ ಓದಿದವಳು. ಅಮೆರಿಕದ ಕೆನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಇದನ್ನು ಲೆಕ್ಕ ಹಾಕಿದ್ದಾರೆ ಅಂತ ಅವಳು ತೋರಿಸಿದಳು. ಪರಿಚಯ ಸ್ವಲ್ಪ ಸ್ನೇಹದ ಕಡೆ ತಿರುಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಹೆಚ್ಚು. ನಾನು ಬಡ್ಡಿ ಲೆಕ್ಕ ಮಾಡಿದ ಕೈ. ಕೂತು ಗುಣಿಸಿದೆ. ವಾರಕ್ಕೆ ಐದು ದಿನ, ದಿನಕ್ಕೆ ಮುಕ್ಕಾಲು ಗಂಟೆ ಒಟ್ಟಿಗೆ ನಡೆದರೆ 50 ಗಂಟೆಗೆ ಮೂರು ತಿಂಗಳು. 200 ಗಂಟೆಗೆ ಒಂದು ವರ್ಷ. ನೀಲಿ ಶಾಲಿನ ಮೇಡಂ ಮನೆಗೆ ನಾನು ಮೊದಲ ಸಲ ಕಾಫಿಗೆ ಹೋಗಿದ್ದು ಸರಿಯಾಗಿ ನಾಲ್ಕನೆಯ ತಿಂಗಳಲ್ಲಿ. ಹಾಗಾಗಿ ಹತ್ತು ದಿನ ಹೋಗಿ 'ಯಾರೂ ಮಾತಾಡಿಸಲಿಲ್ಲ' ಅಂತ ಬಿಡಬೇಡಿ. ಹತ್ತು ದಿನ ಅಂದರೆ ಏಳೂವರೆ ಗಂಟೆ ಮಾತ್ರ.

ಮೊದಲ ಮಾತು

ಮೊದಲ ಮಾತು ಚಿಕ್ಕದಿರಲಿ. ಇಬ್ಬರಿಗೂ ಕಾಣುತ್ತಿರುವುದರ ಬಗ್ಗೆಯೇ ಇರಲಿ. 'ಇವತ್ತು ಕೊಕ್ಕರೆ ಜಾಸ್ತಿ ಬಂದಿವೆ ಅಲ್ವಾ?' ಅಂದರೆ ಸಾಕು. ಅವರು 'ಹೌದು' ಅಂದು ಮುಂದೆ ಹೋದರೆ ಹೋಗಲಿ. ಹಿಂದೆ ಬೀಳಬೇಡಿ. ನಾಳೆಯೂ ಅವರು ಬರುತ್ತಾರೆ, ನೀವೂ ಬರುತ್ತೀರಿ. ಹೆಸರು, ಮನೆ, ಮಕ್ಕಳು ಎಲ್ಲ ಮೊದಲ ದಿನವೇ ಬೇಡ.

ಕರೆಯುವ ರೀತಿಯ ಬಗ್ಗೆ ಒಂದು ಮಾತು. ಗೊತ್ತಿಲ್ಲದ ಹೆಂಗಸರನ್ನು ಆಂಟಿ, ಅಜ್ಜಿ ಅನ್ನಬೇಡಿ. ಕೂದಲು ಬೆಳ್ಳಗಿದ್ದರೂ ಬೇಡ. 'ಮೇಡಂ', 'ಅಮ್ಮ' ಅಂದರೆ ಯಾರಿಗೂ ನೋವಾಗುವುದಿಲ್ಲ. ಅಕ್ಕ ಅನ್ನುವುದು ಆಮೇಲೆ ತಾನಾಗಿ ಬರುತ್ತದೆ. ನೀಲಿ ಶಾಲಿನವರು ಕೊಪ್ಪಳದ ಕಡೆಯವರು. ಆರು ತಿಂಗಳ ಮೇಲೆ ಒಂದು ದಿನ ಅವರೇ 'ಬರ್ರಿ ಅಕ್ಕಾರ' ಅಂದರು. ಅವತ್ತಿನಿಂದ ನಾನು ಅವರಿಗೆ ಅಕ್ಕಾರೇ.

ಎರಡನೆಯ ಪ್ರಶ್ನೆ

ನನಗೆ ಜನ ಸಿಕ್ಕಿದ್ದು ಎರಡನೆಯ ಪ್ರಶ್ನೆಯಿಂದ. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. 'ತಿಂಡಿ ಆಯ್ತಾ?' ನಮ್ಮಲ್ಲಿ ಇದು ನಮಸ್ಕಾರ ಇದ್ದ ಹಾಗೆ. 'ಆಯ್ತು' ಅಂತಾರೆ, ಮುಗಿಯಿತು. ಅಲ್ಲಿಗೇ ಬಿಟ್ಟರೆ ಹತ್ತು ವರ್ಷ ಎದುರುಬದುರು ಮನೆಯಲ್ಲಿದ್ದರೂ 'ತಿಂಡಿ ಆಯ್ತಾ' ದಾಟುವುದಿಲ್ಲ.

ನಮ್ಮ ಎದುರುಮನೆಯವರು ಹಾಸನದ ಕಡೆಯವರು. ಒಂದು ದಿನ ಗೇಟಿನ ಹತ್ತಿರ ಹೂ ಬಿಡಿಸುತ್ತಿದ್ದರು.

'ತಿಂಡಿ ಆಯ್ತಾ?'
'ಆಯ್ತು ಕಣ್ರೀ.'
'ಏನ್ ಮಾಡಿದ್ರಿ?'
'ಅಕ್ಕಿರೊಟ್ಟಿ.'
'ನೀವು ತಟ್ಟೋದು ಬಾಣಲೆಗೋ, ಎಲೆ ಮೇಲೋ?'

ಅವರು ಹೂವಿನ ಬುಟ್ಟಿ ಕೆಳಗಿಟ್ಟರು. ಅತ್ತೆ ಇದ್ದಾಗ ಬಾಳೆ ಎಲೆ ಮೇಲೆ ತಟ್ಟುತ್ತಿದ್ದರಂತೆ. ಅತ್ತೆಯ ರೊಟ್ಟಿಯ ಅಂಚು ಎಲ್ಲ ಕಡೆ ಒಂದೇ ದಪ್ಪ ಬರುತ್ತಿತ್ತಂತೆ. ಅವರು ಹೋದ ಮೇಲೆ ಎಲೆ ಮೇಲೆ ತಟ್ಟಲು ಮನಸ್ಸೇ ಬಂದಿಲ್ಲ, ಬಾಣಲೆಗೇ ತಟ್ಟಿಬಿಡುತ್ತೇನೆ ಅಂದರು. ಹಾಗೆ ಹೇಳುತ್ತಾ ಕಣ್ಣು ಒರೆಸಿಕೊಂಡರು. ಎರಡು ತಿಂಗಳಿಂದ ದಿನಾ ನೋಡುತ್ತಿದ್ದ ಮುಖ ಅದು. ಅವತ್ತು ಅವರ ಪರಿಚಯವಾಯಿತು.

ಹೀಗೆ ಕೇಳುವುದರಲ್ಲಿ ಗುಟ್ಟೇನೂ ಇಲ್ಲ. ಅವರು ಕೊಟ್ಟ ಉತ್ತರದೊಳಗಿನ ಒಂದು ಪದವನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳಬೇಕು. ಅಕ್ಕಿರೊಟ್ಟಿ ಅಂದ ಮೇಲೆ ಅಕ್ಕಿರೊಟ್ಟಿಯ ಬಗ್ಗೆಯೇ ಕೇಳಬೇಕು, 'ಮತ್ತೆ ಮಗ ಹೇಗಿದ್ದಾನೆ' ಅಂತ ಹಾರಬಾರದು. ಹಾರಿದರೆ ನೀವು ಕೇಳಿಸಿಕೊಳ್ಳಲಿಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಪ್ರಶ್ನೆ ಕೇಳುವವರು, ಅದರಲ್ಲೂ ಉತ್ತರದ ಬೆನ್ನು ಹಿಡಿದು ಕೇಳುವವರು, ಎದುರಿನವರಿಗೆ ಹೆಚ್ಚು ಇಷ್ಟವಾಗುತ್ತಾರಂತೆ.

ಆದರೆ ಸಾಲಾಗಿ ಪ್ರಶ್ನೆ ಕೇಳಿದರೆ ಪೊಲೀಸ್ ವಿಚಾರಣೆ ಆಗುತ್ತದೆ. ಎರಡು ಕೇಳಿದ ಮೇಲೆ ನಿಮ್ಮದೊಂದು ಕೊಡಿ. 'ನಮ್ಮ ಕಡೆ ಕಾಯಿತುರಿ ಜಾಸ್ತಿ ಹಾಕ್ತೀವಿ, ತಿಪಟೂರು ನೋಡಿ' ಅಂದೆ ನಾನು. ಅವರಿಗೂ ಹಿಡಿಯಲು ಒಂದು ಎಳೆ ಸಿಕ್ಕಿತು.

ಹೂಂಗುಟ್ಟುವುದು

ನಮ್ಮಜ್ಜಿ ಕಥೆ ಹೇಳುವಾಗ ಮಕ್ಕಳಲ್ಲಿ ಒಬ್ಬರಾದರೂ 'ಹೂಂ' ಅನ್ನುತ್ತಿರಬೇಕಿತ್ತು. ಹೂಂ ನಿಂತರೆ ಕಥೆ ನಿಲ್ಲುತ್ತಿತ್ತು. ದೊಡ್ಡವರ ಮಾತೂ ಹಾಗೇ. ಯಾರಾದರೂ ಕಷ್ಟ ಹೇಳಿಕೊಂಡಾಗ ಮೊದಲು ಬೇಕಾಗಿರುವುದು 'ಹೂಂ', 'ಆಮೇಲೆ?', 'ಅಯ್ಯೋ, ಹೌದಾ?' ಇಷ್ಟು.

ನಾವು ಮಾಡುವ ಎರಡು ತಪ್ಪು ಹೇಳುತ್ತೇನೆ. ಒಬ್ಬರು 'ಮಂಡಿ ನೋವು' ಅಂದ ಕೂಡಲೇ 'ನಮ್ಮ ಚಿಕ್ಕಪ್ಪನಿಗೂ ಹಾಗೇ ಆಗಿತ್ತು' ಅಂತ ಶುರು ಮಾಡುತ್ತೇವೆ. ಅಲ್ಲಿಗೆ ಮಾತು ಚಿಕ್ಕಪ್ಪನದ್ದಾಗುತ್ತದೆ, ಮಂಡಿ ನೋವಿನವರು ಸುಮ್ಮನಾಗುತ್ತಾರೆ. ಎರಡನೆಯದು ಔಷಧಿ ಹೇಳುವುದು. ಕಷಾಯ, ಎಣ್ಣೆ, ಯಾವ ಡಾಕ್ಟರು, ಎಲ್ಲ ಒಂದೇ ಉಸಿರಿನಲ್ಲಿ. ಅವರು ಕೇಳಿದರೆ ಹೇಳಿ. ಕೇಳದಿದ್ದರೆ 'ರಾತ್ರಿ ನಿದ್ದೆ ಬರುತ್ತಾ?' ಅಂತ ಕೇಳಿ. ಅದು ಅವರ ನೋವಿನ ಹತ್ತಿರ ಹೋಗುವ ಪ್ರಶ್ನೆ.

ಕೇಳಬಾರದ ಪ್ರಶ್ನೆಗಳೂ ಇವೆ. 'ನೀವು ಯಾವ ಜನ?' ಅಂತ ಯಾವತ್ತೂ ಕೇಳಬೇಡಿ. ಸುತ್ತು ಬಳಸಿ, 'ನಿಮ್ಮ ಮನೆದೇವರು ಯಾವುದು' ಅಂತಲೂ ಕೇಳಬೇಡಿ. ಯಾಕೆ ಕೇಳುತ್ತಿದ್ದೀರಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಸಂಬಳ, ಬಾಡಿಗೆ, ಮಗಳಿಗೆ ಮದುವೆ ಯಾಕೆ ಆಗಿಲ್ಲ, ಇವೂ ಬೇಡ. ನಾನು ಎಡವಿದ್ದು ಬೇರೆ ಪ್ರಶ್ನೆಯಲ್ಲಿ. ಕೆರೆಯಲ್ಲಿ ಪರಿಚಯವಾದ ಒಬ್ಬರಿಗೆ ಎರಡನೆಯ ದಿನವೇ 'ಮಕ್ಕಳೆಷ್ಟು?' ಅಂದೆ. ಅವರು ಉತ್ತರ ಕೊಡಲಿಲ್ಲ. ಹೆಜ್ಜೆ ಜೋರು ಮಾಡಿ ಮುಂದೆ ಹೋದರು. ಆಮೇಲೆ ಒಂದು ವಾರ ಕಾಣಲಿಲ್ಲ. ಅವರಿಗೆ ಒಬ್ಬ ಮಗನಿದ್ದ, ತೀರಿಹೋಗಿದ್ದ ಅಂತ ಬೇರೆಯವರಿಂದ ತಿಳಿಯಿತು. ಅವರು ಮತ್ತೆ ಬಂದ ದಿನ ಹತ್ತಿರ ಹೋಗಿ 'ಅವತ್ತು ನಾನು ಹಾಗೆ ಕೇಳಬಾರದಿತ್ತು, ತಪ್ಪಾಯ್ತು' ಅಂದೆ, ಅಷ್ಟೇ. ಬೇರೆಯವರಿಂದ ತಿಳಿದದ್ದನ್ನು ಬಾಯಿಬಿಡಲಿಲ್ಲ. ಅವರು ನನ್ನ ಕೈ ಮುಟ್ಟಿ ನಡೆದರು. ಮಗನ ವಿಷಯ ಅವರಾಗಿಯೇ ಹೇಳಿದ್ದು ಎಂಟು ತಿಂಗಳ ಮೇಲೆ. ತಪ್ಪಾದರೆ ಉದ್ದಕ್ಕೆ ಸಮಜಾಯಿಷಿ ಬೇಡ. ಒಂದು ಸಾಲು ಸಾಕು, ಆದರೆ ಆ ಸಾಲನ್ನು ಹೇಳಲೇಬೇಕು.

ನಿನ್ನೆ ಎಲ್ಲಿ ನಿಂತಿತ್ತು

ರಿಜಿಸ್ಟರ್ ಪೋಸ್ಟಿಗೆ ಅಕ್ನಾಲೆಜ್‌ಮೆಂಟ್ ಕಾರ್ಡ್ ಲಗತ್ತಿಸಿ ಕಳಿಸುತ್ತಿದ್ದೆವು. ಕಾಗದ ಸೇರಿದ ಮೇಲೆ ಆ ಕಾರ್ಡು ಸಹಿ ಹೊತ್ತು ಕಳಿಸಿದವರಿಗೆ ವಾಪಸ್ ಬರುತ್ತಿತ್ತು. ಅದು ಬಂತಾ ಅಂತ ಜನ ದಿನಾ ಬಂದು ಕೇಳುತ್ತಿದ್ದರು. ತಮ್ಮದು ತಲುಪಿತು ಅಂತ ಗೊತ್ತಾದರೆ ಎಷ್ಟು ಸಮಾಧಾನ! ಮಾತಿಗೂ ಅಂಥ ಕಾರ್ಡು ಬೇಕು. ನೀವು ಹೇಳಿದ್ದು ನನಗೆ ತಲುಪಿದೆ, ನನ್ನ ಹತ್ತಿರ ಇದೆ ಅಂತ ತೋರಿಸುವುದು.

ಅದಕ್ಕೆ ನಾನೊಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೇನೆ. ಮನೆಗೆ ಬಂದು ಕಾಫಿ ಕುಡಿಯುವಾಗ ಎರಡು ಮೂರು ಸಾಲು ಬರೆಯುತ್ತೇನೆ. 'ಕೊಪ್ಪಳ ಮೇಡಂ: ಯಜಮಾನರ ಕಣ್ಣಿನ ಆಪರೇಷನ್ ಶುಕ್ರವಾರ.' 'ಅತ್ತಿಗೆ ನಾದಿನಿ: ಧರ್ಮಸ್ಥಳಕ್ಕೆ ಹೊರಟಿದ್ದಾರೆ, ಮಂಗಳವಾರ ವಾಪಸ್.' ಸೋಮವಾರ ಕೊಪ್ಪಳದವರು ಸಿಕ್ಕಾಗ ಮೊದಲ ಮಾತೇ 'ಆಪರೇಷನ್ ಹೇಗಾಯ್ತು? ಪಟ್ಟಿ ಬಿಚ್ಚಿದ್ರಾ?' ಅವರು ನಡೆಯುತ್ತಿದ್ದವರು ನಿಂತುಬಿಟ್ಟರು. 'ನೆನಪಿಟ್ಟೀರಲ್ಲ' ಅಂದರು. ಅಂಚೆ ಕಚೇರಿಯಲ್ಲೂ ನಾನು ಹೀಗೇ ಇದ್ದೆ, ಆದರೆ ಅಲ್ಲಿ ಪಾಸ್‌ಬುಕ್ ಎದುರಿಗೇ ಇರುತ್ತಿತ್ತು.

ಬರೆದಿಡುವುದು ಕೃತಕ ಅಲ್ವಾ ಅಂತ ಮಗಳು ಕೇಳಿದಳು. ನನಗೆ ಹಾಗನ್ನಿಸುವುದಿಲ್ಲ. 65 ದಾಟಿದ ಮೇಲೆ ನೆನಪು ಜಾರುತ್ತದೆ. ಒಬ್ಬರ ಶುಕ್ರವಾರ ನನಗೆ ಮುಖ್ಯ, ಅದಕ್ಕೇ ಬರೆಯುತ್ತೇನೆ. ಗುಟ್ಟಾಗಿ ಹೇಳಿದ್ದನ್ನು ಮಾತ್ರ ಬರೆಯುವುದಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಒಯ್ಯುವುದೂ ಇಲ್ಲ. ಯಾರ ಪಾಸ್‌ಬುಕ್ಕಿನಲ್ಲಿ ಎಷ್ಟಿದೆ ಅಂತ 31 ವರ್ಷ ಯಾರಿಗೂ ಹೇಳಲಿಲ್ಲ. ತಮ್ಮ ಮನೆಯ ಮಾತು ಮೂರನೆಯವರ ಬಾಯಲ್ಲಿ ಒಮ್ಮೆ ಕೇಳಿದರೆ ಸಾಕು, ಅವರು ನಿಮಗೆ ಮತ್ತೆ ಬರೀ 'ತಿಂಡಿ ಆಯ್ತು' ಅಂತಲೇ ಹೇಳುತ್ತಾರೆ.

ವಾಟ್ಸಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಐವತ್ತು ಜನಕ್ಕೆ ಕಳಿಸುವ ಬದಲು ಒಬ್ಬರಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿ, ಅವರ ವಿಷಯವನ್ನೇ ಕೇಳಿ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು, ವಾಕಿಂಗ್ ನಿಂತಿತು. ಆಗ ನನಗಿದ್ದದ್ದು ಮೂರೇ ಜನ. ನೋಟ್‌ಬುಕ್ ತೆಗೆದು ದಿನಕ್ಕೊಬ್ಬರಿಗೆ, ವಾಕಿಂಗ್ ಹೊತ್ತಿಗೇ, ಫೋನ್ ಮಾಡಿದೆ. ಎಷ್ಟೋ ದಿನ ಹೇಳಲು ಏನೂ ಇರುತ್ತಿರಲಿಲ್ಲ. 'ನಿಮ್ಮ ಕಿಟಕಿಯಿಂದ ಏನು ಕಾಣುತ್ತೆ?' ಅಂತ ಕೇಳುತ್ತಿದ್ದೆ. ಮೂರು ವರ್ಷದ ಮೇಲೆ, 2023ರಲ್ಲಿ, ಅಮೆರಿಕ ಸರ್ಕಾರದ ಮುಖ್ಯ ವೈದ್ಯಾಧಿಕಾರಿ (ಸರ್ಜನ್ ಜನರಲ್) ಆಗಿದ್ದ ವಿವೇಕ್ ಮೂರ್ತಿಯವರು ಒಂಟಿತನದ ಬಗ್ಗೆ ವರದಿ ಕೊಟ್ಟರು. ಅವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ಜನರ ಒಡನಾಟ ಇಲ್ಲದಿರುವುದು ದಿನಕ್ಕೆ 15 ಸಿಗರೇಟ್ ಸೇದುವಷ್ಟು ಜೀವಕ್ಕೆ ಅಪಾಯ ಅಂತ ಅದರಲ್ಲಿತ್ತು. ಓದಿದಾಗ ಆ ಮೂವರ ದನಿ ಕಿವಿಯಲ್ಲಿ ಕೇಳಿಸಿದ ಹಾಗಾಯಿತು.

ಒಬ್ಬರನ್ನು ಇನ್ನೊಬ್ಬರಿಗೆ ಸೇರಿಸಿ

ನಿಮಗೆ ಐದಾರು ಜನ ಆದ ಮೇಲೆ ಅವರನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಡಿ. ಪರಿಚಯ ಮಾಡಿಸುವಾಗ ಹೆಸರು ಹೇಳಿ ನಿಲ್ಲಿಸಿದರೆ ಇಬ್ಬರೂ ನಕ್ಕು ಸುಮ್ಮನೆ ನಿಲ್ಲುತ್ತಾರೆ. ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಉಪಯೋಗವಾಗುವ ಒಂದು ಸಂಗತಿ ಹೇಳಿ. ಎದುರುಮನೆಯವರ ಮೊಮ್ಮಗ ಎಸ್ಸೆಸ್ಸೆಲ್ಸಿಯಲ್ಲಿದ್ದ, ಲೆಕ್ಕ ಅಂದರೆ ಭಯ. ಕೆರೆಗೆ ಬರುವ ಬಿಳಿ ಟೋಪಿಯವರ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. 'ಇವರು ಗಣಿತದ ಟೀಚರ್ ಆಗಿದ್ರು. ಇವರ ಮೊಮ್ಮಗನಿಗೆ ರೇಖಾಗಣಿತ ತಲೆಗೇ ಹತ್ತಲ್ವಂತೆ' ಅಂದು ನಾನು ಹೆಜ್ಜಾರ್ಲೆ ನೋಡುತ್ತಾ ಸ್ವಲ್ಪ ಹಿಂದೆ ಉಳಿದೆ. ಹಿಂದೆ ಉಳಿಯುವುದು ಮುಖ್ಯ. ನಡುವೆಯೇ ನಿಂತರೆ ಇಬ್ಬರೂ ನಿಮ್ಮನ್ನೇ ನೋಡಿ ಮಾತಾಡುತ್ತಾರೆ.

ಈಗ ಅವರಿಬ್ಬರೂ ನಾನಿಲ್ಲದೆಯೂ ದೇವರಾಜ ಮಾರ್ಕೆಟ್ಟಿಗೆ ಹೋಗುತ್ತಾರೆ. ಮೊದಲ ಸಲ ಗೊತ್ತಾದಾಗ ಸ್ವಲ್ಪ ಕಸಿವಿಸಿ ಆಯಿತು, ನಿಜ ಹೇಳಬೇಕಲ್ಲ. ಆದರೆ ಕಳೆದ ವರ್ಷ ನನಗೆ ಜ್ವರ ಬಂದು ಮಲಗಿದಾಗ ಒಬ್ಬರು ಗಂಜಿ ತಂದರು, ಒಬ್ಬರು ರಕ್ತಪರೀಕ್ಷೆಗೆ ಕರೆದುಕೊಂಡು ಹೋದರು. ನಾನು ಇಬ್ಬರಿಗೂ ಫೋನ್ ಮಾಡಿರಲಿಲ್ಲ. ಅವರೇ ಮಾತಾಡಿಕೊಂಡಿದ್ದರು.

ಎಷ್ಟು ಜನ ಬೇಕು? ರಾಬಿನ್ ಡನ್ಬಾರ್ ಅನ್ನುವ ಬ್ರಿಟಿಷ್ ವಿದ್ವಾಂಸರು ಮನುಷ್ಯನ ಬಳಗ ಸುಮಾರು 150ಕ್ಕೆ ನಿಲ್ಲುತ್ತದೆ, ತೀರಾ ಹತ್ತಿರದವರು ಐದು, ಅದರ ಸುತ್ತ 15 ಅಂತ ಹೇಳಿದ್ದಾರೆ. ನನಗೆ ಆ 15 ಸಾಕು.

ಮನೆಗೆ ಕರೆಯುವುದು

ಹೊರಗೆ ಎಷ್ಟೇ ಮಾತಾಡಿದರೂ ಒಂದು ದಿನ ಮನೆಗೆ ಕರೆಯಬೇಕು. ಮೈಸೂರಿನಲ್ಲಿ ಅದಕ್ಕೆ ದಸರಾ ಗೊಂಬೆಯಂಥ ನೆಪ ಇನ್ನೊಂದಿಲ್ಲ. 'ಗೊಂಬೆ ಕೂರಿಸಿದ್ದೀವಿ, ಬನ್ನಿ' ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಗೊಂಬೆಯೇ ಮಾತು ಕೊಡುತ್ತದೆ. ಈ ಪಟ್ಟದ ಗೊಂಬೆ ಯಾರ ಕಾಲದ್ದು, ಈ ಚನ್ನಪಟ್ಟಣದ ಬುಗುರಿ ಎಲ್ಲಿಂದ ಬಂತು.

ಆದರೆ ಇಲ್ಲಿ ನನಗೊಂದು ಮುಳ್ಳಿತ್ತು. ಯಜಮಾನರು ಹೋದ ಮೇಲೆ ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು ನಿಂತುಹೋಗಿತ್ತು. ತಿಪಟೂರಿನಲ್ಲಿ ಮೂವತ್ತು ವರ್ಷ ಕರೆದವರೂ ಕರೆಯಲಿಲ್ಲ. ಮೈಸೂರಿಗೆ ಬಂದ ಮೊದಲ ನವರಾತ್ರಿ ನಾನು ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಎರಡು ವರ್ಷದ ಮೇಲೆ ಮಗಳಿಗೆ ಹೇಳಿದೆ, ಈ ಸಲ ಗೊಂಬೆಗೆ ನಾನೇ ಕರೆಯುತ್ತೇನೆ, ಎಲ್ಲರನ್ನೂ ಕರೆಯುತ್ತೇನೆ. ಗಂಡ ಇರುವವರು, ಇಲ್ಲದವರು, ಮದುವೆಯೇ ಆಗದವರು. ಬಂದವರಿಗೆಲ್ಲ ಒಂದೇ ತಟ್ಟೆಯಿಂದ ಹೂವು, ಹಣ್ಣು, ಉಸಲಿ. ಮಗನನ್ನು ಕಳೆದುಕೊಂಡಿದ್ದ ಆ ತಾಯಿಯೂ ಬಂದರು. ಗಂಡನಿಲ್ಲದ ಇನ್ನೊಬ್ಬರು ಹೂ ಮುಡಿದುಕೊಳ್ಳಲು ಹಿಂದೆಮುಂದೆ ನೋಡಿದರು. ಕೊಪ್ಪಳದ ಮೇಡಂ ಎದ್ದು ಬಂದು ತಾವೇ ಮುಡಿಸಿದರು. ನಿಮ್ಮ ಸುತ್ತ ಯಾರು ಕರೆಯಿಲ್ಲದೆ ಉಳಿದಿದ್ದಾರೆ ಅಂತ ನೋಡಿ, ಮೊದಲು ಅವರನ್ನು ಕರೆಯಿರಿ. ಬಹಳ ದಿನದಿಂದ ಯಾರೂ ಕೇಳದ ಮಾತು ಅವರ ಹತ್ತಿರ ತುಂಬ ಇರುತ್ತದೆ.

ಗೊಂಬೆ ಇಡದವರಿಗೆ ಸಂಕ್ರಾಂತಿ ಇದೆ. ಎಳ್ಳು ಬೀರಲು ಅಪರಿಚಿತರ ಮನೆ ಬಾಗಿಲಿಗೂ ಹೋಗಬಹುದು, ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ. 'ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ' ಅಂತ ಹೇಳಿಯೇ ಕೊಡುತ್ತೇವಲ್ಲ. ನಾನು ಎಳ್ಳು, ಬೆಲ್ಲ, ಕಡಲೆಬೀಜ, ಹುರಿಗಡಲೆ ಇಲ್ಲೇ ತರುತ್ತೇನೆ. ಕೊಬ್ಬರಿ ಮಾತ್ರ ತಿಪಟೂರಿನಿಂದ ತರಿಸಿ ನಾನೇ ಸಣ್ಣಗೆ ಹೆಚ್ಚುತ್ತೇನೆ. ಕಳೆದ ಸಂಕ್ರಾಂತಿಗೆ ಹದಿನಾಲ್ಕು ಪೊಟ್ಟಣ ಕಟ್ಟಿದೆ. ಹನ್ನೊಂದು ನಮ್ಮವರಿಗೆ. ಮೂರು, ಇನ್ನೂ ಹೆಸರು ಗೊತ್ತಿಲ್ಲದವರಿಗೆ.

ಅದರಲ್ಲೊಂದನ್ನು ಕೆರೆಯ ಏರಿಯ ಮೇಲೆ ಕೋಲು ಹಿಡಿದು ನಡೆಯುವ ಹಿರಿಯರಿಗೆ ಕೊಟ್ಟೆ. ನಾಲ್ಕು ವರ್ಷದಿಂದ ನಾನು ನಮಸ್ಕಾರ ಅಂದರೆ ಅವರು ತಲೆ ಆಡಿಸುತ್ತಿದ್ದರು, ಅಷ್ಟೇ. ಒಂದು ಮಾತು ಆಡಿದವರಲ್ಲ. ಅವತ್ತು ಬೆಂಚಿನ ಮೇಲೆ ಕೂತು ಪೊಟ್ಟಣ ಬಿಚ್ಚಿ ಒಂದು ಚೂರು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

'ಕೊಬ್ಬರಿ ಯಾವೂರಿಂದಮ್ಮ ಇದು?'

ನಾನು ಪಕ್ಕದಲ್ಲಿ ಕೂತೆ.